ಕಾರಿನ ಮೂಗು ಮತ್ತು ನನ್ನ ಚಪ್ಪಾಳೆ

ನಾನು ಅವಳನ್ನು ಮೊದಲು ಕಂಡದ್ದು ಕುರ್ಚಿಯ ಮೇಲೆ ನಿಂತಿದ್ದಾಗ. (ನಿಂತಿದ್ದವಳು ಅವಳು. ನಾನು ನನ್ನ ಯೋಗ್ಯತೆಗೆ ತಕ್ಕಂತೆ ಕೆಳಗಿದ್ದೆ.)

ನಮ್ಮ ಶಾಲೆಗೆ ವಿಜ್ಞಾನ ಕಲಿಸಲು ಆ ದಿನವೇ ಬಂದಿದ್ದಳು. ಉಪಾಧ್ಯಾಯರ ಕೊಠಡಿಯ ಗೋಡೆ ಗಡಿಯಾರ ಎಷ್ಟೋ ವರ್ಷಗಳಿಂದ ನಿಂತುಹೋಗಿತ್ತು. ನಾವೆಲ್ಲ ಅದರ ಅಡಿಯಲ್ಲೇ ಕುಳಿತು ಮಕ್ಕಳಿಗೆ ಕಾಲದ ಮಹತ್ವವನ್ನು ಬೋಧಿಸುತ್ತಿದ್ದೆವು. ಇವಳು ಬಂದವಳೇ ಚೀಲ ಇಳಿಸಿ, ಕುರ್ಚಿ ಎಳೆದು, ಹತ್ತಿ, ಗಡಿಯಾರದ ಬೆನ್ನು ಬಿಚ್ಚಿಯೇ ಬಿಟ್ಟಳು.

"ಮೇಷ್ಟ್ರೇ, ಈ ಸ್ಕ್ರೂ ಸ್ವಲ್ಪ ಹಿಡ್ಕೊಂಡಿರ್ತೀರಾ?"

ಹಿಡಿದುಕೊಂಡೆ. ಸ್ವಲ್ಪ ಹೊತ್ತಿನಲ್ಲೇ ಗಡಿಯಾರ ಟಿಕ್ ಟಿಕ್ ಎಂದಿತು. ನಾನು ಬೆರಗಿನಿಂದ ಬಾಯಿ ತೆರೆದೆ. ಬಾಯಿಯ ಜೊತೆಗೆ ಬೆರಳುಗಳೂ ತೆರೆದುಕೊಂಡವು. ಸ್ಕ್ರೂ ಬೀರುವಿನ ಅಡಿಗೆ ಉರುಳಿ ಅಜ್ಞಾತವಾಸಕ್ಕೆ ಹೋಯಿತು. ಅವಳು ಜಡೆಯಿಂದ ಒಂದು ಹೇರ್‌ಪಿನ್ ತೆಗೆದು, ಬಗ್ಗಿಸಿ, ಗಡಿಯಾರದ ಬೆನ್ನು ಮುಚ್ಚಿದಳು. ಇಂಥವಳನ್ನು ಮದುವೆಯಾಗದೆ ಇರುವುದು ಹೇಗೆ? ಆದೆ.

ಈಗ ಇಬ್ಬರೂ ನಿವೃತ್ತರು. ಮನೆಯಲ್ಲೊಂದು ಹಳೆಯ ಕಾರಿದೆ, ಅದು ಅವಳದು. ನನಗೆ ಓಡಿಸಲು ಬಾರದು. ಪಕ್ಕದಲ್ಲಿ ಕುಳಿತು ಬ್ರೇಕ್ ಒತ್ತಲು ಮಾತ್ರ ಬರುತ್ತದೆ. (ನನ್ನ ಕಡೆ ಬ್ರೇಕ್ ಇಲ್ಲ ಎಂಬುದು ಬೇರೆ ಮಾತು.) ಮಗಳನ್ನು ಹೆರಿಗೆಗೆ ಕರೆದೊಯ್ದದ್ದು ಆ ಕಾರು, ಮೊಮ್ಮಗಳನ್ನು ಮನೆಗೆ ತಂದದ್ದೂ ಅದೇ ಕಾರು. ಇಂಥ ಕಾರು ಹೊಗೆ ತಪಾಸಣೆಯಲ್ಲಿ ನಪಾಸಾಯಿತು.

"ಆಕ್ಸಿಜನ್ ಸೆನ್ಸರ್ ಸವೆದು ಹೋಗಿದೆ ಅಮ್ಮಾ," ಎಂದ ತಪಾಸಣೆಯವನು.

"ಗಾಡಿಗೂ ವಯಸ್ಸಾಯ್ತು. ಗುಜರಿಗೆ ಹಾಕೋಣ ಕಣೇ," ಎಂದೆ ನಾನು.

"ನಿಮ್ಮ ಮೊಣಕಾಲೂ ಸವೆದಿದೆ. ಗುಜರಿಗೆ ಹಾಕಿದೀನಾ?"

ನಾನು ಮೊಣಕಾಲು ಸವರಿಕೊಂಡೆ. ಮನೆ ಸೇರುವ ಹೊತ್ತಿಗೆ ಅವಳೇ ಕರಾರು ಹಾಕಿದಳು. "ಸೆನ್ಸರ್ ನಾನೇ ಬದಲಾಯಿಸ್ತೀನಿ. ಸೋಮವಾರ ಮತ್ತೆ ಫೇಲಾದ್ರೆ ಕಾರು ಕೊಟ್ಬಿಡೋಣ, ನಾನು ತುಟಿ ಬಿಚ್ಚಲ್ಲ. ಪಾಸಾದ್ರೆ ಈ ಮನೇಲಿ ಗುಜರಿ ಅನ್ನೋ ಮಾತು ಬರಕೂಡದು." ದನಿ ಗಟ್ಟಿಯಾಗಿತ್ತು. ಆದರೆ ಕಾರಿನಿಂದ ಇಳಿಯುವಾಗ ಅವಳ ಕೈ ಸ್ಟೀರಿಂಗನ್ನು ಬಿಡಲು ತುಸು ತಡಮಾಡಿದ್ದನ್ನು ನಾನು ಕಂಡೆ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಬಾನೆಟ್ ಎದ್ದಿತು.

"ನೋಡಿ, ಇದೇ ಕಾರಿನ ಮೂಗು," ಎಂದು ಹೊಗೆಕೊಳವೆಗೆ ಕಚ್ಚಿಕೊಂಡಿದ್ದ ಬೆರಳುದ್ದದ ವಸ್ತುವನ್ನು ತೋರಿಸಿದಳು. "ಎಂಜಿನ್ ಬಿಟ್ಟ ಹೊಗೇನ ಮೂಸಿ ನೋಡಿ, ಪೆಟ್ರೋಲು ಹೆಚ್ಚಾಯ್ತೋ ಕಮ್ಮಿಯಾಯ್ತೋ ಅಂತ ಹೇಳುತ್ತೆ. ಈಗ ಮೂಗು ಕಟ್ಟಿದೆ. ಅದಕ್ಕೇ ಎಂಜಿನ್ ಲೆಕ್ಕ ಇಲ್ದೆ ಪೆಟ್ರೋಲು ಕುಡೀತಿದೆ. ಕೊಳವೆ ಬೆಚ್ಚಗಿದ್ದಾಗಲೇ ಬಿಚ್ಚಬೇಕು. ಹೊಸದನ್ನ ಎಷ್ಟು ಬಿಗಿ ಮಾಡ್ಬೇಕು ಅಂತ ಮಾತ್ರ ಅದರ ಡಬ್ಬೀಲಿರೋ ಹಾಳೇಲಿ ಓದಿ ಹೇಳಿ."

ಪಾಠವನ್ನು ಮಧ್ಯದಿಂದ ಓದುವುದು ನನ್ನ ಜಾಯಮಾನವಲ್ಲ. 'ಮಾನ್ಯ ಗ್ರಾಹಕರೇ' ಎಂಬಲ್ಲಿಂದ ಆರಂಭಿಸಿ, ವಾಕ್ಯದೋಷಗಳನ್ನು ತಿದ್ದುತ್ತಾ, ಗಂಭೀರ ಕಂಠದಲ್ಲಿ ಓದಿದೆ. "ಕೆಳಗೆ ಬಿದ್ದ ಸೆನ್ಸರನ್ನು ಯಾವ ಕಾರಣಕ್ಕೂ ಬಳಸಬಾರದು, ಒಳಗಿನ ಪಿಂಗಾಣಿ ಒಡೆದಿರುವ ಸಂಭವವುಂಟು" ಎಂಬ ವಾಕ್ಯ ಚೆನ್ನಾಗಿದ್ದುದರಿಂದ ಇನ್ನೊಮ್ಮೆ ಓದಿದೆ. ಬಿಗಿಯ ವಿಷಯ ಬರುವಷ್ಟರಲ್ಲಿ ಕೊಳವೆ ತಣ್ಣಗಾಗಿತ್ತು.

ಅವಳು ಮತ್ತೆ ಎಂಜಿನ್ ಚಾಲೂ ಮಾಡಿ, ಬೆಚ್ಚಗಾಗಿಸಿ, ಆರಿಸಿದಳು. ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ಅದೇ ಕೈಯಲ್ಲಿ ಹೊಸ ಸೆನ್ಸರನ್ನು ಇಟ್ಟಳು.

"ರೀ, ತುದಿ ಮುಟ್ಟಬೇಡಿ, ಒರೆಸಬೇಡಿ, ಉಪದೇಶ ಮಾಡಬೇಡಿ. ಸುಮ್ನೆ ಹಿಡ್ಕೊಳ್ಳಿ."

ಹಳೆಯದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತುಕ್ಕಿಗೆ ಎಣ್ಣೆ ಹೊಡೆದಳು, ಕಾದಳು. ಸ್ಪ್ಯಾನರಿನ ಬಾಲಕ್ಕೆ ನಲ್ಲಿಯ ಹಳೆಯ ಪೈಪೊಂದನ್ನು ತೊಡಿಸಿ ಹಿಡಿಕೆಯನ್ನು ಉದ್ದ ಮಾಡಿದಳು. "ಬಾರೋ ರಾಜ, ಬಾ," ಎಂದಳು. (ಆ ಮಾರ್ದವ ನನ್ನ ಪಾಲಿಗೆ ಬಂದು ಬಹಳ ಕಾಲವಾಯಿತು.) ಉಸಿರು ಬಿಗಿಹಿಡಿದು ಜಗ್ಗಿದಳು. 'ಕರ್ರ್' ಎಂಬ ಸದ್ದು. ಮಸಿ ಮೆತ್ತಿದ ಹಳೆಯ ಮೂಗು ಅವಳ ಅಂಗೈಗೆ ಬಂದಿತು!

ಓದುಗ ಮಹಾಶಯರೇ, ನನ್ನ ಅಧ್ಯಾಪನ ಜೀವನದಲ್ಲಿ ನಾನು ಯಾರಿಗೂ ಪೂರ್ಣಾಂಕ ಕೊಟ್ಟವನಲ್ಲ, ಯಾರಿಗೂ ಚಪ್ಪಾಳೆ ತಟ್ಟಿದವನಲ್ಲ. ಆ ಕ್ಷಣ ನನಗೇನಾಯಿತೋ ಕಾಣೆ. "ಭಲೇ!" ಎಂದು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದೆ.

ಚಪ್ಪಾಳೆಗೆ ಎರಡೂ ಕೈ ಖಾಲಿ ಇರಬೇಕಷ್ಟೆ. 'ಠಣ್' ಎಂದಿತು ಕಲ್ಲುಹಾಸು.

ಇಬ್ಬರೂ ಕೆಳಗೆ ನೋಡಿದೆವು. ಯಾವ ಕಾರಣಕ್ಕೂ ಬಳಸಬಾರದೆಂದು ನಾನೇ ಎರಡೆರಡು ಸಲ ಓದಿ ಹೇಳಿದ್ದೆ. ಭಾನುವಾರ, ಅಂಗಡಿಗೆ ಬೀಗ. ಬೆಳಗಾದರೆ ತಪಾಸಣೆ. ಕಾರು ಬಾಯಿ ತೆರೆದುಕೊಂಡು ಮೂಗಿಲ್ಲದೆ ನನ್ನನ್ನೇ ದಿಟ್ಟಿಸುತ್ತಿತ್ತು.

ಅವಳು ಒಳಗೆ ಹೋದಳು. ಅಳಲು ಹೋದಳೆಂದು ನನ್ನ ಎದೆ ಒಡೆಯಿತು. "ಲೇ ಇವಳೇ, ಆ ಕರಾರು ನನಗೆ ಬೇಡ ಕಣೇ, ಕಾರು ಫೇಲಾದ್ರೂ ಇಲ್ಲೇ ಇರ್ಲಿ," ಎಂದು ಬಾಗಿಲಲ್ಲಿ ನಿಂತು ಕೂಗಿದೆ.

ಅವಳು ಹೊರಬಂದಳು. ಕೈಯಲ್ಲಿ ಅಂಥದ್ದೇ ಇನ್ನೊಂದು ಡಬ್ಬಿ.

"ಎರಡು ತಂದಿದ್ಯಾ?"

"ಗಡಿಯಾರದ ಸ್ಕ್ರೂ ಬೀಳಿಸಿದ್ರಲ್ಲ, ಆವತ್ತಿಂದ ನಿಮ್ಮ ಕೈಗೆ ಕೊಡೋದನ್ನೆಲ್ಲಾ ಎರಡೆರಡೇ ತರೋದು. ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಾ?"

ಮನೆಯಲ್ಲಿ ಎರಡು ಸುತ್ತಿಗೆ, ಎರಡು ಸೂಜಿಡಬ್ಬಿ, ಎರಡು ಬಲ್ಬು ಏಕಿವೆಯೆಂದು ಅಂದು ಅರ್ಥವಾಯಿತು. ಅವಳ ದೂರದೃಷ್ಟಿ ಎಂದುಕೊಂಡಿದ್ದೆ. ಹೌದು, ದೂರದೃಷ್ಟಿಯೇ, ದೃಷ್ಟಿ ನನ್ನ ಮೇಲಿತ್ತು, ಅಷ್ಟೆ.

"ಮತ್ತೆ ಗಂಡನ್ನ ಮಾತ್ರ ಒಂದೇ ತಂದ್ಯಲ್ಲ?"

"ಒಂದನ್ನ ಸಂಭಾಳಿಸೋಕೇ ಕೈ ಸಾಲ್ತಿಲ್ಲ. ಸರೀರಿ ಆ ಕಡೆ."

ಸೋಮವಾರ ಕಾರು ಪಾಸಾಯಿತು. "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ ಅಮ್ಮಾ?" ಎಂದು ತಪಾಸಣೆಯವನು ಕೇಳಿದಾಗ ಉತ್ತರಿಸಲು ನಾನೇ ಬಾಯಿ ತೆರೆದೆ. ಅವಳು ನನ್ನ ಕೈ ನೋಡಿದಳು. ಬಾಯಿ ಮುಚ್ಚಿಕೊಂಡೆ.

ಈಗ ಅವಳು ಪಕ್ಕದ ಮನೆಯವರ ಕಾರಿನ ಬಾನೆಟ್ಟಿನೊಳಗೆ ತಲೆ ಇಟ್ಟಿದ್ದಾಳೆ. ಅದರ ಮೂಗೂ ಕಟ್ಟಿದೆಯಂತೆ. ನನಗೆ ಬಡ್ತಿಯಾಗಿದೆ, ಟಾರ್ಚ್ ಹಿಡಿಯುವ ಕೆಲಸ. ಅದಕ್ಕೊಂದು ದಾರ ಕಟ್ಟಿ, ದಾರವನ್ನು ನನ್ನ ಮಣಿಕಟ್ಟಿಗೆ ಬಿಗಿದಿದ್ದಾಳೆ. ಇನ್ನೊಂದು ಟಾರ್ಚ್ ಅವಳ ಸೊಂಟದಲ್ಲಿದೆ.