ಎರವಲು ಮುತ್ತಜ್ಜ

ಮುತ್ತಜ್ಜ ಯಾರೆಂದು ಔರಾದದ ಮಡೆಪ್ಪನಿಗೆ ಗೊತ್ತಿರಲಿಲ್ಲ. ಅದರಿಂದ ಇಪ್ಪತ್ತಾರು ವರ್ಷ ಅವನಿಗಾಗಲಿ ಅವನ ಕುರಿಗಳಿಗಾಗಲಿ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ಭಾಲ್ಕಿಯ ಹಣಮಂತಪ್ಪನವರ ಮಗಳು ಚಂದ್ರಭಾಗಾಳನ್ನು ಕೇಳಲು ಹೋದಾಗ.

"ಹುಡುಗ ಛಲೋ ಇದ್ದೀ. ಆದ್ರ ನಿಮ್ಮಜ್ಜ ಎಲ್ಲಿಂದ ಬಂದಾ, ನಿಮ್ಮ ಕುಲದ ಬೆಡಗು ಯಾವುದು, ನಿಮಗೇ ಗೊತ್ತಿಲ್ಲ. ಅಂಥ ಮನಿಗಿ ಹೆಣ್ಣು ಹ್ಯಾಂಗ ಕೊಡ್ಲಿ?" ಎಂದು ಹಣಮಂತಪ್ಪ ಚಹಾ ಕುಡಿಸಿ ಕಳಿಸಿದ್ದರು.

ಅಷ್ಟರಲ್ಲಿ ಭಾಷಾವಾರು ವಿಂಗಡಣೆಯಾಗಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ ಮುಂಬಯಿಗೆ ಹೋಯಿತು, ಜಹೀರಾಬಾದ ಆಂಧ್ರಕ್ಕೆ. ಬೀಗರೆಲ್ಲ ಮೂರು ರಾಜ್ಯಗಳ ಪಾಲಾದರು. ಯಾರು ಯಾರಿಗೆ ಏನಾಗಬೇಕೆಂಬುದು ಮರೆಯುವ ಮೊದಲೇ ಬರೆದಿಡೋಣವೆಂದು ಕಾಶೀರಾಮ ಮಾಸ್ತರರು ಬೀದರದ ಗಂಜ್ ಮಾರುಕಟ್ಟೆಯಲ್ಲಿ 'ವಂಶಾವಳಿ ಸಮ್ಮೇಳನ' ಕರೆದರು. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶ ಹಾಡುವ ಹೆಳವರೂ ಬರುವವರಿದ್ದರು. ಹಣಮಂತಪ್ಪನವರೂ ಬರುವವರಿದ್ದರು.

ಮಡೆಪ್ಪ ಹೆಗಲಿಗೆ ಹೊಸ ಕಂಬಳಿ ಹಾಕಿಕೊಂಡು ಹೊರಟ. ನೆರೆಮನೆಯ ಅಬ್ದುಲ ಗಫೂರ ಬಿಡಬೇಕಲ್ಲ! "ಖಾನದಾನದ ಜಲ್ಸಾಕ್ಕ ಹಿಂಗ ಹೋಗ್ತಾರೇನೋ?" ಎಂದು ತನ್ನ ಹೊಟ್ಟೆಯ ಅಳತೆಗೆ ಹೊಲಿಸಿದ ಶೇರ್ವಾನಿಯನ್ನು ತೊಡಿಸಿಯೇಬಿಟ್ಟ. ಬಸ್ಸಿನಲ್ಲಿ ಕಂಡಕ್ಟರು, "ಒಳಗ ಇನ್ನೊಬ್ರು ಯಾರಿದ್ದಾರ್ರಿ? ಅವರದೂ ಟಿಕೀಟು ತಗೋರಿ" ಎಂದ. ಬೀದರ ಬರುವವರೆಗೂ ಬಸ್ಸು ನಕ್ಕಿತು.

ಸಮ್ಮೇಳನದಲ್ಲಿ ಮಾಸ್ತರರು ಪಾಠ ಶುರುಮಾಡಿದರು. "ಮೊದಲ ಮನಿ ಹಿರಿಯರನ್ನ ಕೇಳ್ರಿ. ಆಮ್ಯಾಲ ಹಳೇ ದಫ್ತರ ನೋಡ್ರಿ. ಊಟ ಆದ ಮ್ಯಾಲ ಒಬ್ಬೊಬ್ಬರೇ ಮ್ಯಾಲ ಬಂದು ನಿಮ್ಮ ವಂಶ ಹೇಳ್ರಿ."

ಊಟಕ್ಕೆ ಕೂತ ಮಡೆಪ್ಪ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಮುಂದಿನ ಸಾಲಿನಲ್ಲಿ ಹಣಮಂತಪ್ಪ, ಹೆಂಗಸರ ಕಡೆ ಚಂದ್ರಭಾಗಾ. ಅವನು ಮೆಲ್ಲಗೆ ಎದ್ದು, ಹೊರಗೆ ಎತ್ತಿಗೆ ಮೇವು ಹಾಕುತ್ತಿದ್ದ ಹೆಳವರ ಪಂಢರಿಯನ್ನು ಹಿಡಿದ.

"ನನಗೊಂದು ವಂಶ ಬೇಕಾಗ್ಯಾದ್ರಿ."

"ಎಂಥದು?"

"ಭಾಲ್ಕಿ ಹಣಮಂತಪ್ಪನವರು ಕೇಳಿ ತಲಿ ತೂಗಬೇಕು. ಅಂಥದು."

ಕಂಬಳಿ ಮಡೆಪ್ಪನ ಹೆಗಲಿನಿಂದ ಹೆಳವನ ಹೆಗಲಿಗೆ ದಾಟಿತು. ಪಂಢರಿ ಅದನ್ನು ತಡವಿ ನೋಡಿ, "ಅವರು ತಲಿ ತೂಗೋ ವಂಶ ನನಗ ಗೊತ್ತದ. ನಡ್ರಿ" ಎಂದ.

ಮಡೆಪ್ಪನ ಸರದಿ ಬಂದಾಗ ಅವನ ಪರವಾಗಿ ಪಂಢರಿ ಹಾಡತೊಡಗಿದ. ಕೋಟೆಯ ಕುದುರೆಗಳನ್ನು ಕಾಯ್ದ ಮುತ್ತಜ್ಜ ಬಂದ. ಹಣಮಂತಪ್ಪ ತಲೆ ತೂಗಿದರು. ಬರಗಾಲದಲ್ಲಿ ಊರಿಗೇ ಅಂಬಲಿ ಕಾಸಿದ ಮುತ್ತಜ್ಜಿ ಬಂದಳು. ಹಣಮಂತಪ್ಪ ಇನ್ನೂ ಜೋರಾಗಿ ತೂಗಿದರು. ಮಡೆಪ್ಪ ಶೇರ್ವಾನಿಯೊಳಗೆ ಉಬ್ಬಿದ. ಮೊದಲ ಸಲ ಅದು ಅವನಿಗೆ ಸರಿಹೊಂದಿತು. "ಅವರ ಕಿರಿಮಗ ಮುನಿಸಿಕೊಂಡು ನಾಲ್ವತ್ತು ಕುರಿ ಹೊಡಕೊಂಡು ಊರು ಬಿಟ್ಟಾ. ಔರಾದದಾಗ ನೆಲಿ ನಿಂತಾ. ಅವನ ಮೊಮ್ಮಗನೇ ಈ ಮಡೆಪ್ಪಾ!" ಎಂದು ಪಂಢರಿ ಮುಗಿಸಿದ.

ಹಣಮಂತಪ್ಪ ಅಳುತ್ತಾ ಓಡಿಬಂದು ಮಡೆಪ್ಪನನ್ನು ಅಪ್ಪಿಕೊಂಡರು. ಮಡೆಪ್ಪನಿಗೆ ಬಾಸಿಂಗವೇ ಕಣ್ಣಿಗೆ ಕಟ್ಟಿತು.

"ನಮ್ಮ ಕಾಕಾನ ಮೊಮ್ಮಗಾ! ನಮ್ಮಪ್ಪ ಸಾಯೋತನಕಾ ಆ ತಮ್ಮನ್ನೇ ನೆನೆಸ್ಕೋತಿದ್ದಾ. ಗಂಡುಮಗ ಇಲ್ಲದ ನನಗ ಇವತ್ತ ಮಗಾ ಸಿಕ್ಕಾ!"

ಒಂದೇ ಬೆಡಗು; ಒಂದೇ ಬೆಡಗಿನಲ್ಲಿ ಲಗ್ನವಿಲ್ಲ. ಅಂದರೆ ಚಂದ್ರಭಾಗಾ ತಂಗಿ. ಮಡೆಪ್ಪ ಪಂಢರಿಯ ಕಿವಿಯಲ್ಲಿ, "ಅವರ ವಂಶಾನೇ ಯಾಕ ಹಾಡಿದ್ರಿ?" ಎಂದು ಗೋಗರೆದ.

"ವರ್ಷಾ ವರ್ಷಾ ಅವರ ಮನಿಯಾಗ ಹಾಡ್ತೀನಿ, ಅವರು ತಲಿ ತೂಗೋದು ಇದಕ್ಕೊಂದೇರಿ. ಕುರಿ ವ್ಯಾಪಾರಕ್ಕ ಬೇಕಾಗ್ಯಾದ ಅಂದ್ಕೊಂಡೆ. ಲಗ್ನದ ಮಾತು ನೀವು ಎಲ್ಲಿ ಹೇಳಿದ್ರಿ?"

ನಿಜ ಹೇಳೋಣವೆಂದರೆ, ಹಣಮಂತಪ್ಪ ಅವನ ಕೆನ್ನೆ ಸವರುತ್ತಾ ಅಳುತ್ತಿದ್ದರು, ಮಾಸ್ತರರು ಅವನ ಹೆಸರನ್ನು ಆ ವಂಶಾವಳಿಗೆ ಶಾಯಿಯಲ್ಲಿ ಬರೆದೂ ಆಗಿತ್ತು.

"ಶುಕ್ರವಾರ ಚಂದ್ರಭಾಗಾನ್ನ ನೋಡಲಿಕ್ಕ ಉದಗೀರದವರು ಬರ್ತಾರ. ಅಣ್ಣಾ ಅಂತ ನೀನೇ ಮುಂದ ನಿಂತು ಮಾತಾಡಬೇಕಪಾ" ಎಂದರು ಹಣಮಂತಪ್ಪ.

ಚಂದ್ರಭಾಗಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹತ್ತಿರ ಬಂದಳು.

"ಲಗ್ನಾದ ಮ್ಯಾಲ ನಾಗರಪಂಚಮಿಗಿ ತವರಿಗಿ ಕರೀಲಿಕ್ಕ ನೀನೇ ಬರಬೇಕು ನೋಡಣ್ಣಾ. ಶೇರ್ವಾನಿ ಮಾತ್ರ ಬ್ಯಾಡ."