ಅವ್ವನ ಕರಿ ಶಾಲು

ಎಲ್ಪಿದಿಯಾಳ ಅವತ್ತಿನ ಫಜೀತಿಗೆಲ್ಲ ಕಾರಣ ಮೆಕ್ಕೆಜೋಳದ ಗಿರಣಿಯ ಹೊಸ್ತಿಲು. ಗೇಣೆತ್ತರವೂ ಇಲ್ಲದ ಹೊಸ್ತಿಲು. ನೆನೆಸಿದ ಜೋಳದ ಬಕೆಟ್ಟು ಹಿಡಿದು ತುಂಬು ಬಸುರಿ ಅದರ ಮುಂದೆ ನಿಂತಳು. ಕಾಲೆತ್ತಿದರೆ ತೊಡೆಸಂದಿನ ಮೂಳೆ ಹಳೇ ಬಾಗಿಲಿನ ಹಾಗೆ ಕಿರ್ರೆಂದು ಎರಡಾಗುತ್ತಿತ್ತು. ಆಚೆಗೂ ಇಲ್ಲ, ಈಚೆಗೂ ಇಲ್ಲ; ಗೂಟಕ್ಕೆ ಕಟ್ಟಿದ ಕತ್ತೆಯಂತೆ ನಿಂತುಬಿಟ್ಟಳು.

ನೋವಿಗೆ ಮದ್ದು ಅವಳ ಬಳಿ ಇಲ್ಲದಿರಲಿಲ್ಲ. ಲಂಗದ ಒಳಗೆ, ಸೊಂಟದ ಸುತ್ತ, ಅವ್ವನ ಕರಿ ಶಾಲನ್ನು ಬಿಗಿದು ಗಂಟು ಹಾಕಿಕೊಂಡಿದ್ದಳು. ಅದು ಹಿಡಿದಿದ್ದಕ್ಕೇ ಮೂಳೆಗಳು ಒಟ್ಟಿಗಿದ್ದವು. ಇವತ್ತು ಗಂಟು ಸಡಿಲವಾಗಿತ್ತು. ಬೀದಿಯಲ್ಲಿ ಬಿಗಿಮಾಡುವಂತಿಲ್ಲ. ಯಾಕೆಂದರೆ ಆ ಶಾಲು ಮಣ್ಣಿನಡಿ ಇರಬೇಕಾದದ್ದು.

ಆ ಬೆಟ್ಟದೂರಿನಲ್ಲಿ ಹೆಂಗಸು ಸತ್ತರೆ ಅವಳ ಶಾಲನ್ನೂ ಜೊತೆಗೇ ಕಳಿಸುತ್ತಾರೆ. ಇಲ್ಲದಿದ್ದರೆ ಜೀವ ನಡುಗುತ್ತ ವಾಪಸು ಬರುತ್ತದಂತೆ. ಅವ್ವ ತೊಮಾಸಾ ಹೋದದ್ದು ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ. ಆಗಲೇ ಎಲ್ಪಿದಿಯಾಳ ಸೊಂಟ ನೋಯತೊಡಗಿತ್ತು. ಗಂಡ ಕರಾವಳಿಯಲ್ಲಿ ರಸ್ತೆ ಕೆಲಸಕ್ಕೆ ಹೋಗಿದ್ದ, ನೀರು ಹೊರುವವರಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳಲೆಂದು ಶಾಲನ್ನು ಮಂಚದಡಿ ತುರುಕಿಟ್ಟಳು. ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ರೆಫುಹಿಯಾ ಶವಪೆಟ್ಟಿಗೆಯೊಳಗೆ ತಲೆ ಹಾಕಿ, "ಶಾಲು ಎಲ್ಲೇ?" ಎಂದು ಕೇಳಿದ್ದಳು.

"ಬೆನ್ನಡಿ ಹಾಸಿದೀನಿ, ಚಿಕ್ಕಮ್ಮ" ಎಂದಿದ್ದಳು ಎಲ್ಪಿದಿಯಾ.

ಆಗ ರೆಫುಹಿಯಾ ಅತ್ತ ಅಳುವಿಗೆ ಪಾದ್ರಿಯೇ ಪ್ರಾರ್ಥನೆ ನಿಲ್ಲಿಸಿದ್ದರು. ಮಗಳಿಗಿಂತ ನೆರೆಯವಳ ದುಃಖವೇ ದೊಡ್ಡದು ಎಂದು ಊರು ಆಡಿಕೊಂಡಿತ್ತು. ಅಂದಿನಿಂದ ಅವ್ವ ಕನಸಿಗೆ ಬಂದು, ಮಂಚದ ತುದಿಯಲ್ಲಿ ಕೂತು ಗಡಗಡ ನಡುಗುತ್ತಿದ್ದಳು. ಎಲ್ಪಿದಿಯಾ ಅಳುತ್ತ ಎದ್ದು, ಅದೇ ಶಾಲು ಸುತ್ತಿಕೊಂಡು ನೀರಿಗೆ ಹೋಗುತ್ತಿದ್ದಳು. ಮತ್ತೇನು ಮಾಡಿಯಾಳು?

"ಯಾಕೇ, ಬಾತುಕೋಳಿ ಮೊಟ್ಟೆ ಇಡೋಕೆ ಜಾಗ ಹುಡುಕ್ತಿದೆಯಾ?" ಹಿಂದಿನಿಂದ ರೆಫುಹಿಯಾಳ ದನಿ.

"ಏನಿಲ್ಲ ಚಿಕ್ಕಮ್ಮ, ಸುಧಾರಿಸ್ಕೊಳ್ತಿದೀನಿ."

"ಸುಧಾರಿಸ್ಕೊಳ್ಳೋ ಮುಖವಾ ಇದು? ಹಿಂಡಿದ ನಿಂಬೆಹಣ್ಣಿನ ಹಂಗಿದೆ. ಮಗು ಓರೆ ಕೂತಿದೆ. ನಡಿ, ಕಾಸಿಲ್ದಾ ಹತ್ರ ಆಡಿಸ್ಕೊಂಡು ಬರೋಣ."

ಕಾಸಿಲ್ದಾ ಊರಿನ ಸೂಲಗಿತ್ತಿ. ಬಸುರಿಯ ಸೊಂಟದಡಿ ಶಾಲು ಹಾಕಿ, ಎರಡು ತುದಿ ಹಿಡಿದು, ಮಗು ನೇರವಾಗಲೆಂದು ಜರಡಿ ಆಡಿಸಿದ ಹಾಗೆ ಆಡಿಸುತ್ತಾಳೆ. ಅದಕ್ಕೆ ಮೊದಲು ಲಂಗ ಬಿಚ್ಚಿಸುತ್ತಾಳೆ.

"ನಾನ್ ಬರಲ್ಲ. ಒಲೆ ಮೇಲೆ ಕಾಳು ಬೇಯ್ತಿದೆ."

"ಒಲೇನೇ ಹಚ್ಚಿಲ್ಲ ನೀನು. ನಿನ್ ಮನೆ ಹೊಗೆ ನನ್ ಕಿಟಕಿಗೆ ಕಾಣಲ್ವಾ?"

"ನಡೆಯೋಕಾಗಲ್ಲ ಚಿಕ್ಕಮ್ಮ."

ಹಾಗಂದದ್ದೇ ತಪ್ಪಾಯಿತು. ಗಿರಣಿಯ ಯಜಮಾನ ದೋನ್ ಎಲಿಸೆಯೊ ಮೂಟೆ ಸಾಗಿಸುವ ಒಂಟಿಚಕ್ರದ ಗಾಡಿ ತಂದೇಬಿಟ್ಟ. "ಕೂತ್ಕೊಳ್ಳಮ್ಮಾ. ಮೂಟೆ ಹೊರೋ ಗಾಡಿ, ನಿನ್ನ ಹೊರಲ್ವಾ?"

ಇಳಿಜಾರಿನ ಕಲ್ಲುಬೀದಿ. ಗಾಡಿ ಒಂದೊಂದು ಕಲ್ಲಿಗೂ ಅಡ್ಡಬಿತ್ತು. ಎಲ್ಪಿದಿಯಾ ಕಲ್ಲಿಗೊಬ್ಬ ಸಂತನನ್ನು ಕರೆದಳು. ಹೆಂಗಸರು ಬಾಗಿಲಿಗೆ ಬಂದು "ಗಂಡೇ!" "ಇಲ್ಲ, ಹೆಣ್ಣೇ!" ಎಂದು ಪಂಥ ಕಟ್ಟಿದರು. ಎರಡು ಕೈಯಲ್ಲೂ ಲಂಗ ಅದುಮಿ ಹಿಡಿದವಳನ್ನು ಕಂಡು, "ಪಾಪ, ಮಗು ದಾರೀಲಿ ಬೀಳದ ಹಂಗೆ ಹಿಡ್ಕೊಂಡಿದಾಳೆ" ಎಂದರು.

ಕಾಸಿಲ್ದಾ ಅವಳನ್ನು ಚಾಪೆಯ ಮೇಲೆ ಮಲಗಿಸಿದಳು. "ಅಯ್ಯೋ, ಆಡಿಸೋ ಶಾಲು ಒಗೆದು ಹಾಕಿದೀನಲ್ಲ, ಇನ್ನೂ ಒಣಗಿಲ್ಲ."

"ತೊಮಾಸಾದು ಇದ್ದಿದ್ರೆ ಆಗ್ತಿತ್ತು" ಎಂದು ರೆಫುಹಿಯಾ ನಿಟ್ಟುಸಿರಿಟ್ಟಳು. "ಮಣ್ಣಿಗೆ ಹೋಯ್ತು."

ಸೂಲಗಿತ್ತಿ ಲಂಗದ ಲಾಡಿ ಎಳೆದಳು. ಬಿಳಿ ಚುಕ್ಕೆಯ ಕರಿ ಶಾಲು, ಹೆಣೆದ ಕುಚ್ಚಿನ ಸಮೇತ, ಹೊರಬಿತ್ತು.

ಎಲ್ಪಿದಿಯಾ ಮುಖ ಮುಚ್ಚಿಕೊಂಡಳು. "ನಾನೇ ಕದ್ದೆ. ಅವ್ವನ್ನ ಚಳೀಲೇ ಕಳಿಸ್ಬಿಟ್ಟೆ. ನೋವು ತಡೆಯೋಕಾಗ್ಲಿಲ್ಲ ಚಿಕ್ಕಮ್ಮ..."

ರೆಫುಹಿಯಾ ಮೊಣಕಾಲೂರಿ, ಕುಚ್ಚು ಹಿಡಿದು ಕಣ್ಣಿಗೊತ್ತಿಕೊಂಡಳು. "ಅಳಬೇಡ ಕಣೇ. ನಿಮ್ಮವ್ವಂದು ನೀನೇನೂ ಕದ್ದಿಲ್ಲ. ಇದು ನಂದು!"

"ನಿಮ್ದಾ?"

"ನನ್ ಮದುವೆ ಶಾಲು. ನೀನು ಹೊಟ್ಟೇಲಿದ್ದಾಗ ನಿಮ್ಮವ್ವನೂ ಹಿಂಗೇ, ಇದೇ ಮೂಳೆ ನೋವಿಗೆ ಗೋಡೆ ತಡವ್ತಾ ಬಂದ್ಲು. ಕಟ್ಕೊಳ್ಳೋಕೆ ಕೊಟ್ಟೆ. ಆಮೇಲೆ ವಾಪಸ್ ಕೇಳೋಕೆ ಬಾಯಿ ಬರ್ಲಿಲ್ಲ, ಹೊದ್ಕೊಳ್ಳೋಕೆ ಅವಳ ಹತ್ರ ಬೇರೆ ಇರ್ಲಿಲ್ವಲ್ಲ. ಬೆನ್ನಡಿ ಹಾಸಿದೀನಿ ಅಂದ್ಯಲ್ಲ ನೀನು, ಕರುಳೇ ಕಿತ್ತು ಬಂತು."

ಅಂದಿನ ಆ ಅಳುವಿನ ಗುಟ್ಟು ಎಲ್ಪಿದಿಯಾಳಿಗೆ ಈಗ ತಿಳಿಯಿತು. ತನ್ನದು ಅನ್ನುವ ಶಾಲೊಂದೂ ಇಲ್ಲದೆ ಅವ್ವ ಬಾಳಿದ್ದಳು ಅನ್ನುವುದೂ ತಿಳಿಯಿತು.

ರೆಫುಹಿಯಾ ಗಂಟಿಗೆ ಕೈಹಾಕಿದಳು.

"ಚಿಕ್ಕಮ್ಮ, ಹೆರಿಗೆ ಆಗೋವರೆಗಾದ್ರೂ ಇರ್ಲಿ. ಆದ ತಕ್ಷಣ ನಾನೇ ತಂದ್ಕೊಡ್ತೀನಿ."

ಬಿಚ್ಚುವ ಕೈ ನಿಲ್ಲಲಿಲ್ಲ. "ನಿಮ್ಮವ್ವನೂ ಇದೇ ಮಾತು ಹೇಳಿದ್ಲು ಮಗಳೇ."

ಎಲಿಸೆಯೊ ಗಾಡಿಯೊಂದಿಗೆ ಗಿರಣಿಗೆ ಹೋಗಿಯಾಗಿತ್ತು. ಕಾಸಿಲ್ದಾ, ತನ್ನ ಶಾಲು ಒಣಗಿದ ಮೇಲೆ ಆಡಿಸೋಣ ಎಂದು, ಹಿಟ್ಟಿನ ಚೀಲ ಹರಿದು ಸೊಂಟಕ್ಕೆ ಕಟ್ಟಿ ಕಳಿಸಿದಳು; ಅದು ಚರ್ಚಿನ ತಿರುವಿನಲ್ಲೇ ಬಿಚ್ಚಿಕೊಂಡಿತು. ಎಲ್ಪಿದಿಯಾ ಗೋಡೆ ತಡವುತ್ತ ತನ್ನ ಮನೆ ಮುಟ್ಟಿದಳು. ಅಲ್ಲಿಯೂ ಒಂದು ಹೊಸ್ತಿಲು. ಕಾಲು ಏಳಲಿಲ್ಲ. ಅದರ ಮೇಲೇ ಕೂತಳು.

"ಅವ್ವಾ, ಚಳಿಯಾದ್ರೆ ಇನ್ಮೇಲೆ ಪಕ್ಕದ ಮನೆಗೆ ಹೋಗು" ಎಂದಳು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, "ಇಲ್ಲಿಗೇ ಬರೋದಾದ್ರೆ ಬರಿಗೈಲೇ ಬಾ. ನನ್ ಸೊಂಟ ಹಿಡ್ಕೊ."