ನಂಬರ್ ಕೊಟ್ಟು ಒಳಗೆ ಬನ್ನಿ

ಸೈಟ್ ಮಾರೋ ಆಫೀಸಲ್ಲಿ ಕೂತು ಕಂಡೋರಿಗೆಲ್ಲ ಫೋನ್ ಮಾಡೋ ಕೆಲಸ ಹಿಡಿದರೆ ದಿನಕ್ಕೊಂದು ಎಡವಟ್ಟು ಗ್ಯಾರಂಟಿ. ನಮ್ಮ ಆಫೀಸು ರಾಮನಗರದಲ್ಲಿ, ಲೇಔಟು ಮಾಗಡಿ ರಸ್ತೆಯಲ್ಲಿ. ನಮ್ಮ ಓನರ್ರು ಹೋದ ವರ್ಷ ಒಂದು ವೆಬ್‌ಸೈಟ್ ಮಾಡಿಸಿದರು. ಫೋಟೊ, ರೇಟು ಏನೇ ನೋಡಬೇಕು ಅಂದರೂ ಮೊದಲು ಹೆಸರು, ಊರು, ಫೋನ್ ನಂಬರ್ ತುಂಬಬೇಕು. ಆ ನಂಬರುಗಳೆಲ್ಲ ನನ್ನ ತಲೆಗೆ. ನಾನು ಫೋನ್ ಮಾಡಿ ಗಿರಾಕಿನ ಕರೆಸಬೇಕು.

"ಸಾರ್, ಮೊದ್ಲು ಫೋಟೊ ತೋರ್ಸೋಣ. ಇಷ್ಟ ಆದ್ರೆ ಅವ್ರೇ ಫೋನ್ ಮಾಡ್ತಾರೆ" ಅಂದೆ.

"ನಂಬರ್ ಕೊಡಕ್ಕೇ ಹೆದರೋನು ಸೈಟ್ ತಗೋತಾನೇನಮ್ಮ? ತಪ್ಪು ವೆಬ್‌ಸೈಟಿಂದಲ್ಲ, ನಿನ್ನ ಬಾಯಿಂದು. ಈ ತಿಂಗಳು ನಂಬರ್ ಕೊಟ್ಟೋರಲ್ಲಿ ಒಬ್ಬನಾದ್ರೂ ಸೈಟ್ ತಗೋಬೇಕು. ಇಲ್ದಿದ್ರೆ ಒಂದನೇ ತಾರೀಕಿಂದ ಬರ್ಬೇಡ" ಅಂದರು.

ಮಗಳ ಸ್ಕೂಲು ಆಫೀಸಿಗೆ ಎದುರುಗಡೆನೇ ಇದೆ. ಈ ಕೆಲಸ ಹೋದರೆ ಅವಳು ಏಳೋ ಮುಂಚೆ ನಾನು ಬೆಂಗಳೂರಿನ ರೈಲು ಹತ್ತಬೇಕು.

ಒಂದು: ಎಲ್ಲಾನೂ ಕರ್ಕೊಂಡು ಬತ್ತೀನಿ

ಮೊದಲ ವಾರ ಫೋನ್ ಎತ್ತಿದವರು ತಿಪ್ಪಸಂದ್ರ ಕಡೆಯ ಒಬ್ಬ ಯಜಮಾನರು. ಪ್ರಶ್ನೆ ಮೇಲೆ ಪ್ರಶ್ನೆ.

"ಜಾಗ ಎಷ್ಟೈತವ್ವ?"

"ಹನ್ನೆರಡು ಎಕರೆ ಸಾರ್."

"ಮನೆಗಿನೆ ಕಟ್ಟವ್ರಾ?"

"ಇನ್ನೂ ಒಂದೂ ಇಲ್ಲ."

"ಕಾಂಪೌಂಡು?"

"ಗೇಟ್ ಮಾತ್ರ ಇದೆ."

"ಬಲೇ ಚೆನ್ನಾಗಾಯ್ತು. ನಾಳೆ ಬೆಳಗ್ಗೆ ಎಲ್ಲಾನೂ ಕರ್ಕೊಂಡು ಬತ್ತೀನಿ."

ದೊಡ್ಡ ಕುಟುಂಬ ಅಂದುಕೊಂಡು ಓನರ್ರಿಗೆ ಹೇಳಿದೆ. ಅವರು ಶಾಮಿಯಾನ ಹಾಕಿಸಿ, ಎಳನೀರು ತರಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ನನ್ನನ್ನೂ ಪಕ್ಕ ನಿಲ್ಲಿಸಿಕೊಂಡು ಲೇಔಟಿನ ಗೇಟಲ್ಲಿ ನಿಂತರು. ಹತ್ತು ಗಂಟೆಗೆ ಯಜಮಾನರು ಬಂದರು. ಹಿಂದೆ ಅರವತ್ತು ಕುರಿ. ನಾವಿಬ್ಬರೂ ಬಾಯಿ ಬಿಡೋದರಲ್ಲಿ ಅವು ಮೂರನೇ ಕ್ರಾಸು ದಾಟಿದ್ದವು.

"ಖಾಲಿ ಜಾಗ ಎಲ್ಲೈತೆ ಅಂತ ಮೊಬೈಲಲ್ಲಿ ಹುಡುಕ್ತಿದ್ದೆ ಕಣವ್ವ. ನಂಬರ್ ಕೇಳ್ತು, ಕೊಟ್ಟೆ" ಅಂದರು ಯಜಮಾನರು. ಓನರ್ರು ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು.

ಸಾಯಂಕಾಲ ಹೊರಡುವಾಗ ಯಜಮಾನರು ಓನರ್ರ ಕೈ ಹಿಡಿದುಕೊಂಡು, "ಲೇಔಟ್ ಅಂದ್ರೆ ಹಿಂಗಿರ್ಬೇಕು ಸ್ವಾಮಿ. ಮನೆ ಮಾತ್ರ ಕಟ್ಟಕ್ಕೆ ಬುಡಬ್ಯಾಡಿ" ಅಂದು ಹೋದರು.

ಎರಡು: ರಜ ಕೊಡದ ಸೂಪರ್‌ವೈಸರು

ಎರಡನೇ ವಾರ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಿಂದ ಒಂದೇ ಸಮ ಹೆಸರುಗಳು ಬರತೊಡಗಿದವು. ಒಂಬತ್ತು ಹೆಸರು! ಜೀವ ಬಂದಂಗಾಯಿತು. ನೋಡಿದರೆ ಒಂಬತ್ತು ಹೆಸರಿಗೂ ನಂಬರ್ ಒಂದೇ. ಇರಲಿ, ಒಂದೇ ಮನೆಯವರು ಇರಬಹುದು ಅಂತ ಫೋನ್ ಮಾಡಿದೆ.

"ಮತ್ತೆ ಸೈಟಾ?" ಅಂತ ಆ ಕಡೆಯಿಂದ ಗುಡುಗು. ಯಾವುದೋ ಕಾರ್ಖಾನೆಯ ಸೂಪರ್‌ವೈಸರು.

"ಸಾರ್, ನೀವೇ ನಂಬರ್ ಕೊಟ್ಟಿದ್ದೀರಲ್ಲ..."

"ನಾನ್ಯಾಕಮ್ಮ ಕೊಡ್ಲಿ? ರಜ ಇಲ್ಲ ಅಂದ್ರೆ ಸಾಕು, ಇಲ್ಲಿ ಕೆಲ್ಸ ಮಾಡೋ ನನ್ ಮಕ್ಳು ಸೈಟು, ಇನ್ಶೂರೆನ್ಸು, ಕಾರು, ಎಲ್ಲದಕ್ಕೂ ನನ್ ನಂಬರ್ ತುಂಬ್ತಾರೆ. ಹೋದ್ವಾರ ಮದ್ವೆ ಬ್ರೋಕರ್ ಫೋನ್ ಮಾಡಿದ್ದ. ನಂಗೆ ಮೊಮ್ಮಕ್ಳವ್ರೆ!"

ನನಗೆ ನಗು ಬರಲಿಲ್ಲ, ಅಳುವೇ ಬಂತು. ತಿಂಗಳಲ್ಲಿ ಅರ್ಧ ಆಗಿಹೋಗಿತ್ತು. "ಕ್ಷಮಿಸಿ ಸಾರ್, ಇನ್ನು ಮಾಡಲ್ಲ" ಅಂದೆ.

"ಮಾಡಲ್ಲ ಅಂದ್ರೆ ಹೆಂಗೆ? ಇವತ್ತು ಇಬ್ರಿಗೆ ರಜ ಇಲ್ಲ ಅಂದಿದ್ದೀನಿ. ಸಾಯಂಕಾಲ ಇನ್ನೆರಡು ಹೆಸ್ರು ಬತ್ತವೆ, ನೋಡ್ತಿರು."

ಐದೂವರೆಗೆ ಬಂದವು. ಆದರೆ ಎರಡಲ್ಲ, ಮೂರು.

ಮೂರು: ಕೊನೇ ದಿನ

ತಿಂಗಳ ಕೊನೇ ದಿನ. ಒಂದು ಸೈಟೂ ಹೋಗಿರಲಿಲ್ಲ. ಟೇಬಲ್ ಡ್ರಾಯರಿನಲ್ಲಿದ್ದ ನನ್ನ ಸಾಮಾನೆಲ್ಲ ಆಗಲೇ ಬ್ಯಾಗಿಗೆ ತುಂಬಿಕೊಂಡಿದ್ದೆ. ಮಧ್ಯಾಹ್ನ ಚನ್ನಪಟ್ಟಣದಿಂದ ಒಬ್ಬರು ಮೇಷ್ಟ್ರು, ಅವರ ಹೆಂಡತಿ ಬಂದರು. ಗಟ್ಟಿ ಗಿರಾಕಿ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ವೆಬ್‌ಸೈಟ್ ನೋಡಿ ಬಂದ್ರಾ ಮೇಡಂ?" ಅಂತ ಕೇಳಿದೆ.

"ಎಲ್ಲಿ ನೋಡಕ್ಕೆ ಬುಡ್ತು? ಹೊಸ್ಲಲ್ಲೇ ನಿಲ್ಸಿ ನಂಬರ್ ಕೊಡು ಅಂತು. ಬ್ಯಾಡ ನಿನ್ ಸವಾಸ ಅಂತ ಬಸ್ ಹತ್ತಿ ಬಂದ್ಬುಟ್ವಿ" ಅಂದರು ಆಯಮ್ಮ.

ಓನರ್ರು ನನ್ನ ಕಡೆ ತಿರುಗಿ, ಇವರು ನಿನ್ನ ಲೆಕ್ಕಕ್ಕಿಲ್ಲ ಅನ್ನೋ ಹಾಗೆ ತಲೆ ಆಡಿಸಿದರು.

ಆಮೇಲೆ ಓನರ್ರು, "ಬನ್ನಿ ಮೇಷ್ಟ್ರೇ, ಫೋಟೊ ತೋರಿಸ್ತೀನಿ" ಅಂತ ಗತ್ತಿನಿಂದ ತಮ್ಮ ಹೊಸ ಫೋನಲ್ಲಿ ವೆಬ್‌ಸೈಟ್ ತೆರೆದರು. ಹೆಸರು ಕೇಳಿತು. ಊರು ಕೇಳಿತು. ನಂಬರ್ ಕೇಳಿತು. ಓನರ್ರು ಒಸಿ ತಡೆದರು.

"ನಿನ್ ನಂಬರ್ ಹೇಳಮ್ಮ" ಅಂದರು ನನಗೆ.

"ಫೋನ್ ನಿಮ್ದು ಸಾರ್. ನಿಮ್ದೇ ಹಾಕಿ."

"ಅಯ್ಯೋ, ನಂದಾ? ಬ್ಯಾಡಪ್ಪ ಬ್ಯಾಡ! ಹಾಕಿದ್ರೆ ನಾಳೆಯಿಂದ ಯಾವಳೋ ದಿನಾ ಫೋನ್ ಮಾಡಿ ತಲೆ ತಿಂತಾಳೆ."

ಕೆಲಸ ಹೇಗೂ ಹೋಗಿದೆ, ಇನ್ನು ಹೆದರೋದು ಯಾರಿಗೆ?

"ಆ ಯಾವಳೋ ನಾನೇ ಸಾರ್" ಅಂದೆ.

ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಕೆಮ್ಮಿದರು. ಓನರ್ರ ಮುಖ ಕೆಂಪಗಾಯಿತು. ಫೋನನ್ನು ಮೆತ್ತಗೆ ಜೇಬಿಗಿಟ್ಟು, ನನ್ನ ಬ್ಯಾಗ್ ನೋಡಿ, "ಅದನ್ನ್ಯಾಕೆ ತುಂಬ್ಕೊಂಡಿದ್ದೀಯ? ಒಳಗಿಡು. ಮೇಷ್ಟ್ರನ್ನ ನೀನೇ ಕರ್ಕೊಂಡು ಹೋಗಿ ಜಾಗ ತೋರ್ಸು. ನಂಬರ್ ಗಿಂಬರ್ ಕೇಳಿ ಓಡಿಸ್ಬುಟ್ಟೀಯ, ಹುಷಾರು!" ಅಂದರು.